ಎರಡನೇ ಗುಂಪು

ರಾಧಿಕಾ ಮುಖದ ಮಾಸ್ಕನ್ನು ಗದ್ದಕ್ಕೆ ಇಳಿಸಿ ಮತ್ತೊಮ್ಮೆ ಹೇಳಿದ ಮೇಲೆಯೇ ಬಾಳವ್ವನಿಗೆ ತಿಳಿದದ್ದು.

“ಅವ್ವಾರ, ನೀವು ಎರಡನೇ ಗುಂಪಿನಾಗ ಬಂದೀರಿ. ನಿಮಗ ಮಷೀನ ಈಗಲ್ಲ, ಆರ ತಿಂಗಳ ಬಿಟ್ಟು ಕೊಡ್ತೀವಿ.”

ಗೋಕಾಕದಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಗಳಲ್ಲಿ ಈ ಸಂಶೋಧನೆ ನಡೆದಿತ್ತು. ಬೆಳಗಾವಿಯ ಕಾಲೇಜಿನವರು ಸುತ್ತಲ ಊರುಗಳಿಂದ ಕಿವಿ ಮಂದವಾದ ನೇಕಾರರನ್ನು ಕರೆಸಿದ್ದರು. ಅರ್ಧ ಮಂದಿಗೆ ಈಗಲೇ ಕಿವಿಯ ಮಷೀನು, ಉಳಿದವರಿಗೆ ಆರು ತಿಂಗಳ ಮೇಲೆ. ಎರಡೂ ಕಡೆಯವರ ಬದುಕಿನಲ್ಲಿ ಏನು ಫರಕು ಬೀಳುತ್ತದೆ ಎಂದು ನೋಡುವುದು ಅವರ ಕೆಲಸ. ಯಾರು ಯಾವ ಗುಂಪು ಎನ್ನುವುದನ್ನು ಕಂಪ್ಯೂಟರೇ ಚೀಟಿ ಎತ್ತಿದ ಹಾಗೆ ಆರಿಸುತ್ತಿತ್ತು. ಅದಕ್ಕೆ ಮುಖ ನೋಡಿ ಮಣೆ ಹಾಕುವ ಬುದ್ಧಿ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಎಂದು ಬಾಳವ್ವನಿಗೆ ಅನಿಸಿತು.

“ಅಕ್ಕಾರ, ನಮ್ಮ ಮನಿಯವರಿಗೆ ಲಕ್ವಾ ಹೊಡದೈತ್ರಿ. ಬಾಯಿ ಸೊಟ್ಟ ಆಗೇತಿ. ಅವರ ತುಟಿ ನೋಡಿದ್ರ ನನಗ ಏನೂ ತಿಳೀವಲ್ದು. ಮೊದಲ ನನಗ ಕೊಟ್ಟಬಿಡ್ರಿ.”

ರಾಧಿಕಾಳ ಮುಖ ಸಣ್ಣದಾಯಿತು. “ನನ್ನ ಕೈಯಾಗಿಲ್ರಿ ಅವ್ವಾರ. ಒಬ್ಬರಿಗೆ ಬದಲ ಮಾಡಿದ್ರ ಇಡೀ ಸಂಶೋಧನಾನ ಕೆಟ್ಟ ಹೋಗ್ತೈತಿ. ಮತ್ತ ಇನ್ನೊಬ್ಬರ ಮಷೀನ ಇಸ್ಕೊಂಡು ಹಾಕ್ಕೋಬ್ಯಾಡ್ರಿ, ಹಾಂ?”

“ಹೂಂರಿ,” ಎಂದಳು ಬಾಳವ್ವ. ತಿಳಿದದ್ದಕ್ಕೂ ಹೂಂ, ತಿಳಿಯದ್ದಕ್ಕೂ ಹೂಂ. ಕಿವಿ ಹೋದವರಿಗೆ ಈ ಒಂದು ಅಕ್ಷರವಿಲ್ಲದೆ ಹೊತ್ತು ಹೋಗುವುದಿಲ್ಲ.

ಕಿವಿ ಹೋದದ್ದು ಕೊಣ್ಣೂರಿನ ಪಾವರ್‌ಲೂಮ್ ಶೆಡ್ಡಿನಲ್ಲಿ. ಅಲ್ಲಿ ಅವಳ ಮಗ್ಗದ ಎದುರಿಗೇ ಮುರಿಗೆಪ್ಪನ ಮಗ್ಗ. ಆ ಗದ್ದಲದಲ್ಲಿ ಕೂಗಿ ಗಂಟಲು ಹರಿದುಕೊಳ್ಳುವ ಮೂರ್ಖರು ಯಾರೂ ಇರಲಿಲ್ಲ. ಎಲ್ಲರೂ ದನಿ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಮದುವೆಯಾದ ಮೇಲೆ ಇವರಿಬ್ಬರೂ ಆ ರೂಢಿಯನ್ನು ಮನೆಗೂ ತಂದರು. ಊರ ಮಂದಿಯ ಜಗಳ ಓಣಿಗೆಲ್ಲ ಕೇಳುತ್ತದೆ. ಇವರ ಜಗಳ ಮಗ್ಗುಲಲ್ಲಿ ಮಲಗಿದ ಮಗನಿಗೂ ಕೇಳುತ್ತಿರಲಿಲ್ಲ. ಶೆಡ್ಡು ಮುಚ್ಚಿ ಎಷ್ಟೋ ದಿನವಾದರೂ ಸುತ್ತಲಿನ ಸದ್ದು ತಿರುಗಿ ಬರದಿದ್ದಾಗ ಬಾಳವ್ವನಿಗೆ ತನ್ನ ಕಿವಿಯ ಹಣೆಬರಹ ಗೊತ್ತಾಯಿತು. ಆದರೂ ಚಿಂತೆ ಮಾಡಲಿಲ್ಲ. ಮಾತಾಡಬೇಕಾದವನ ಮಾತಿಗೆ ಕಿವಿಯ ಹಂಗಿರಲಿಲ್ಲ.

ಯುಗಾದಿ ಮುಗಿದ ವಾರದಲ್ಲಿ ಮುರಿಗೆಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಬಾಯಿ ಒಂದು ಕಡೆ ಜಗ್ಗಿತು. ತೊದಲುವ ಮಾತನ್ನು ಸೊಸೆ ದಾಕ್ಷಾಯಿಣಿ ಹೇಗೋ ಕಿವಿಯಿಂದ ಹಿಡಿದು ಅತ್ತೆಯ ಎದುರಿಗೆ ಬಂದು ತುಟಿ ಆಡಿಸಿ ಹೇಳುವಳು: ನೀರು ಬೇಕಂತೆ, ಹೊರಳಿಸಬೇಕಂತೆ. ಆದರೆ ದಿನಕ್ಕೊಮ್ಮೆಯಾದರೂ ಮುರಿಗೆಪ್ಪ ಸೊಸೆ ಇಲ್ಲದ ಹೊತ್ತು ನೋಡಿ, ಎಡಗೈಯಿಂದ ಬಾಳವ್ವನ ಸೆರಗು ಹಿಡಿದು ಏನೋ ಹೇಳುತ್ತಿದ್ದ. ಆ ಬಾಯಿಯನ್ನು ಅವಳು ಎಷ್ಟು ದಿಟ್ಟಿಸಿದರೂ ಒಂದು ಮಾತೂ ಕೂಡುತ್ತಿರಲಿಲ್ಲ.

“ಏನಂತಾರ ಕೇಳ ನೋಡು,” ಎಂದು ಸೊಸೆಯನ್ನು ಕರೆದಳು ಒಮ್ಮೆ.

ದಾಕ್ಷಾಯಿಣಿ ಮಂಚದ ಮೇಲೆ ಬಗ್ಗಿ ಕೇಳಿ, ಕೆಂಪಾಗಿ ಎದ್ದಳು. “ನನಗ ಹೇಳಂಗಿಲ್ಲಂತ್ರಿ ಅತ್ತಿ. ನಿಮಗ ಹೇಳೂದಂತ.”

ಅದಕ್ಕೇ ಮಳೆಗಾಲ ಹಿಡಿದಾಗ ಬಾಳವ್ವ ಗೋಕಾಕಕ್ಕೆ ಹೋದದ್ದು. ಆರು ತಿಂಗಳು ಎಂದು ಕೇಳಿ ಬಂದದ್ದೂ ಅಲ್ಲಿಂದಲೇ.

ಹಿಂದಿನ ಓಣಿಯ ಮುದಕವ್ವನಿಗೆ ಮೊದಲನೇ ಗುಂಪಿನ ಚೀಟಿ ಬಂದಿತ್ತು. ಮಷೀನನ್ನು ಅವಳು ನಾಲ್ಕು ದಿನ ಹಾಕಿ, ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಳು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ.

“ತಗೊಂಡ ಹೋಗವಾ ತಂಗಿ,” ಎಂದಳು ಮುದಕವ್ವ. “ಸೊಸಿ ಬೆನ್ನ ಹಿಂದ ಏನ್ ಅಂತಾಳ ಅನ್ನೂದು ಗೊತ್ತಿರಲಿಲ್ಲ, ಆರಾಮ ಇದ್ನಿ. ಈಗ ಎಲ್ಲಾ ಕೇಳಸ್ತೈತಿ. ಬ್ಯಾಡವಾ ನನಗ.”

ಮಧ್ಯಾಹ್ನ ದಾಕ್ಷಾಯಿಣಿ ಹಿಟ್ಟು ಬೀಸಿಸಲು ಗಿರಣಿಗೆ ಹೋದ ಮೇಲೆ ಬಾಳವ್ವ ಅದನ್ನು ಕಿವಿಗೆ ಸಿಕ್ಕಿಸಿಕೊಂಡಳು. ಮುದಕವ್ವನ ಕಿವಿಯ ಅಳತೆಗೆ ಮಾಡಿದ್ದು ಇವಳ ಕಿವಿಯಲ್ಲಿ ಸರಿಯಾಗಿ ಕೂಡಲೊಲ್ಲದು. ಕುಂಯ್ ಎಂದು ಒಂದೇ ಸಮನೆ ಸಿಳ್ಳೆ ಹೊಡೆಯಿತು. ಬೆರಳಿನಿಂದ ಒತ್ತಿ ಹಿಡಿದು ಮಂಚದ ಬಾಜೂ ಕುಳಿತಳು.

“ಏನ್ ಹೇಳಾಕತ್ತಿದ್ರಿ, ಹೇಳ್ರಿ. ಇವತ್ತ ನನಗ ಕೇಳಸ್ತೈತಿ.”

ಮುರಿಗೆಪ್ಪ ಅವಳ ಕಿವಿಯನ್ನು ನೋಡಿದ. ಅರ್ಧ ಬಾಯಿ ನಕ್ಕಿತು. ಆಮೇಲೆ ಅವನ ತುಟಿಗಳು ಅಲ್ಲಾಡಿದವು, ಸದ್ದೇ ಬರಲಿಲ್ಲ. ಹೆಂಡತಿಯ ಮುಂದೆ ದನಿ ತೆಗೆಯುವ ರೂಢಿಯೇ ಅವನಿಗೆ ಇರಲಿಲ್ಲ.

“ದನಿ ತಗದು ಹೇಳ್ರಿ,” ಎಂದಳು ಅವಳು.

ಅವನು ಉಸಿರು ಕಟ್ಟಿ ಹೇಳಿದ. ಸಿಳ್ಳೆಯ ಕೆಳಗೆ ಒಂದು ಒರಟು, ಒದ್ದೆ ದನಿ ಬಂತು. ಅದು ತನ್ನ ಗಂಡನ ದನಿ ಎಂದು ಬಾಳವ್ವನಿಗೆ ಗುರುತೇ ಹತ್ತಲಿಲ್ಲ. ಮಾತು ಮೂರೋ ನಾಲ್ಕೋ ಇರಬೇಕು. ಕೊನೆಗೆ ದನಿ ಏರಿದ್ದು ನೋಡಿದರೆ ಏನನ್ನೋ ಕೇಳುತ್ತಿದ್ದಾನೆ. ಅಷ್ಟು ಬಿಟ್ಟರೆ ಒಂದೂ ಬಿಡಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಹೇಳಿದ. ಮತ್ತೂ ಒಮ್ಮೆ. ಅವನ ಹಣೆಯ ವಿಭೂತಿ ಬೆವರಿಗೆ ತೊಯ್ದು ಇಳಿಯತೊಡಗಿತು. ಅವಳಿಗೆ ನೋಡಲಾಗಲಿಲ್ಲ.

“ಹೂಂ,” ಎಂದಳು. “ಹೂಂರಿ, ಹೂಂ.”

ಊರಿನವರೆಲ್ಲ ನಂಬುವ ಹೂಂ ಅದು. ಅದನ್ನು ನಂಬದ ಮನುಷ್ಯ ಪ್ರಪಂಚದಲ್ಲಿ ಒಬ್ಬನೇ ಇದ್ದ. ಮುರಿಗೆಪ್ಪ ಅವಳನ್ನು ನೋಡಿದ, ಹಿಡಿದಿದ್ದ ಸೆರಗು ಬಿಟ್ಟ, ಮುಖವನ್ನು ಗೋಡೆಯ ಕಡೆ ಹೊರಳಿಸಿದ. ಆಮೇಲೆ ಅವಳಿಗಾಗಿ ಅವನು ತುಟಿ ಆಡಿಸಲಿಲ್ಲ. ಸಂಜೆಯೇ ಮಷೀನು ಮುದಕವ್ವನ ಟ್ರಂಕಿಗೆ ಹೋಯಿತು.

ಶ್ರಾವಣದ ಒಂದು ಸೋಮವಾರ ಮುರಿಗೆಪ್ಪ ಲಿಂಗೈಕ್ಯನಾದ. ಬಂದ ಹೆಂಗಸರ ಬಾಯಿಗಳು ತೆರೆದು ಮುಚ್ಚುವುದನ್ನು ಬಾಳವ್ವ ನೋಡುತ್ತ ಕುಳಿತಳು. ಅಳು ಬರಲಿಲ್ಲ. ಕಲ್ಲೆದೆಯವಳು ಎಂದು ಯಾರೋ ಅಂದದ್ದನ್ನು ಮೂಲೆಯಿಂದಲೇ ಅವರ ತುಟಿಯಲ್ಲಿ ಓದಿದಳು, ಸಿಟ್ಟೂ ಬರಲಿಲ್ಲ. ಎದೆ ಮರಗಟ್ಟಿ ಹೋಗಿತ್ತು. ರೊಟ್ಟಿ ಬಡಿದಳು, ಉಂಡಳು, ಮಲಗಿದಳು. ದುಃಖ ಎಲ್ಲಿ ಹೋಯಿತು ಎಂದು ಒಮ್ಮೊಮ್ಮೆ ತನಗೇ ಅಂಜಿಕೆಯಾಗುತ್ತಿತ್ತು.

ಆರು ತಿಂಗಳು ತುಂಬಿ, ಎಳ್ಳಮಾವಾಸ್ಯೆ ಸಮೀಪಿಸಿದಾಗ ಗೋಕಾಕದಿಂದ ಫೋನು ಬಂತು. ದಾಕ್ಷಾಯಿಣಿಯೇ ಬಸ್ಸು ಹತ್ತಿಸಿದಳು. ಅಲ್ಲಿ ಕೋಣೆಯ ಹೊರಗಿನ ಬೆಂಚಿನಲ್ಲಿ ಮುದಕವ್ವ ತನ್ನ ಮಷೀನನ್ನು ಒರೆಸಿ, ಶಾಲೆಗೆ ಹೊರಟ ಹುಡುಗಿಯ ಹಾಗೆ ಶಿಸ್ತಾಗಿ ಹಾಕಿಕೊಂಡು ಕುಳಿತಿದ್ದಳು.

ರಾಧಿಕಾ ಮಾಸ್ಕು ಇಳಿಸಿ, ಒಂದು ಹೊಸ ಪ್ರಶ್ನೆಯ ಜೊತೆಗೆ ಮೊದಲ ಸಲ ಕೇಳಿದ್ದವನ್ನೇ ಟ್ಯಾಬು ನೋಡಿ ಕೇಳತೊಡಗಿದಳು.

“ಇನ್ನೊಬ್ಬರ ಮಷೀನ ಏನರ ಹಾಕ್ಕೊಂಡಿದ್ರೇನ್ರಿ?”

“ಇಲ್ರಿ.”

“ಮನಿ ಮಂದಿ ಜೋಡಿ ಮಾತಾಡೂ ಮುಂದ, ಕೇಳಸಲಾರದ್ದಕ್ಕ ತ್ರಾಸ ಆಗ್ತೈತೇನ್ರಿ? ಯಾವಾಗ್ಲೂ, ಒಮ್ಮೊಮ್ಮಿ, ಇಲ್ಲ?”

“ಇಲ್ರಿ.”

ರಾಧಿಕಾ ತಲೆ ಎತ್ತಿದಳು. “ಹೋದ ಸಲ ಯಾವಾಗ್ಲೂ ಅಂದಿದ್ರಿ.”

“ಆವಾಗ ಮಾತಾಡಾವ್ರಿದ್ರು.”

ರಾಧಿಕಾಳ ಕಣ್ಣು ಅವಳ ಹಣೆಗೆ ಹೋಯಿತು. ಕುಂಕುಮವಿಲ್ಲದ ಹಣೆಯಲ್ಲಿ ಬರೀ ವಿಭೂತಿ ಇತ್ತು. ಬೆರಳು ಟ್ಯಾಬಿನ ಮೇಲೆ ನಿಂತುಬಿಟ್ಟಿತು. ಅದರಲ್ಲಿ ಇದ್ದದ್ದು ಮೂರೇ ಉತ್ತರ.

“ಇಲ್ಲ ಅಂತ ಬರ್ಕೋಲೇನ್ರಿ ಅವ್ವಾರ?”

“ಬರ್ಕೋರಿ.”

ಆಮೇಲೆ ರಾಧಿಕಾ ತೊಡಿಸಿದ ಮಷೀನು ಬಾಳವ್ವನ ಕಿವಿಯ ಅಳತೆಯದೇ. ಸಿಳ್ಳೆ ಹೊಡೆಯಲಿಲ್ಲ. ತುಟಿ ಕಾಣದಂತೆ ಹಾಳೆ ಅಡ್ಡ ಹಿಡಿದು ರಾಧಿಕಾ ಒಂದೊಂದೇ ಪದ ಹೇಳಿದಳು, ಬಾಳವ್ವ ತಿರುಗಿ ಹೇಳುತ್ತ ಹೋದಳು: ನೀರು, ಮಾವು, ಹಗ್ಗ, ಕಿಡಕಿ. ಒಂದೆರಡು ತಪ್ಪಿದವು, ಉಳಿದವೆಲ್ಲ ಸರಿಯಾಗಿದ್ದವು. ಹಾಳೆ ಇಳಿಸಿದಾಗ ರಾಧಿಕಾಳ ಕಣ್ಣುಗಳು ತುಂಬಿದ್ದವು.

“ಬಾಳ ಛಲೋ ಕೇಳಸಾಕತ್ತೈತ್ರಿ ನಿಮಗ,” ಎಂದಳು.

“ಹೂಂರಿ.”

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಬಾಳವ್ವ ಚಪ್ಪಲಿ ಬಿಟ್ಟು ನೇರ ಮಂಚದ ಹತ್ತಿರ ಹೋಗಿ ಅದೇ ಜಾಗದಲ್ಲಿ ಕುಳಿತಳು. ಮಂಚದ ಹಾಸಿಗೆ ಸುತ್ತಿಟ್ಟಿತ್ತು.

“ಚಾ ಮಾಡ್ಲೇನ್ರಿ ಅತ್ತಿ?” ದಾಕ್ಷಾಯಿಣಿ ಒಳಗಿನಿಂದ, ರೂಢಿಗೆ, ತನಗೆ ತಾನೇ ಅಂದುಕೊಂಡ ಹಾಗೆ ಕೇಳಿದಳು.

“ಮಾಡವಾ,” ಎಂದಳು ಬಾಳವ್ವ, ಹೊರಳಿ ನೋಡದೆ.

ದಾಕ್ಷಾಯಿಣಿ ಕೈಯಲ್ಲಿ ಭಾಂಡಿ ಹಿಡಿದು ಬಾಗಿಲಿಗೆ ಬಂದಳು. ಅತ್ತೆ ಗೋಡೆಯ ಕಡೆ ಬಾಗಿ ಕುಳಿತಿದ್ದಳು. ಅವಳ ತುಟಿಗಳು ಅಲ್ಲಾಡಿದವು; ದನಿ ಇರಲಿಲ್ಲ. ಏನನ್ನೋ ಕೇಳಿ, ಉತ್ತರಕ್ಕೆ ಕಾಯುವವಳ ಹಾಗೆ ಕಿವಿಯನ್ನು ಅತ್ತ ಕೊಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಈ ಸಲ ಹೂಂ ಎನ್ನಲಿಲ್ಲ.