ಪಾಳಿ ಒಪ್ಪಿಸುವ ಗೆರೆ

ವಾರ್ಡಿನ ಗೋಡೆಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದ ನನ್ನನ್ನು ಕಂಡ ಡಾಕ್ಟರಮ್ಮ, "ಮನಸ್ಸಲ್ಲಿರೋದನ್ನೆಲ್ಲ ಬರೀರಿ ಸಿಸ್ಟರ್, ಹಗುರ ಆಗತ್ತೆ" ಎಂದರು. ದಿನವಿಡೀ ಬರೆದು ಸಾಯುವವಳಿಗೆ ಇನ್ನಷ್ಟು ಬರೆಯುವ ಔಷಧಿ! ಮೈಯೆಲ್ಲ ಉರಿದುಹೋಯಿತು. ಆದರೂ ಮನೆಗೆ ಬಂದವಳೇ ಅಡುಗೆಮನೆಯ ಮೇಜಿಗೆ ಕುಳಿತು ಒಂದು ಹಾಳೆ ಎಳೆದುಕೊಂಡೆ.

ಕೈ ತನಗೆ ಗೊತ್ತಿದ್ದ ಹಾಗೆಯೇ, ಪಾಳಿ ಮುಗಿಸುವಾಗಿನ ವರದಿಯಂತೆ, ನನ್ನ ಬಗ್ಗೆ ಬರೆಯಿತು. "ರೋಗಿಗೆ ಜ್ವರವಿಲ್ಲ. ಊಟ ಅರ್ಧಕ್ಕೇ ಬಿಟ್ಟಿದ್ದಾರೆ. ಕರೆದರೆ ಓಗೊಡುತ್ತಾರೆ. ಮೂಲೆ ಹಾಸಿಗೆಯ ಅಜ್ಜ ತೀರಿಕೊಂಡಾಗ ಅಳಲಿಲ್ಲ, ಹೊದಿಕೆ ಬದಲಾಯಿಸಿದರು. ಕಾಲುನೋವು. ಯಾರ ಮೇಲೆ ಅಂತಿಲ್ಲದ ಸಿಟ್ಟು." ಕೊನೆಗೆ ಅಭ್ಯಾಸಬಲದಿಂದ "ಮುಂದಿನ ಪಾಳಿಗೆ ಒಪ್ಪಿಸಲಾಗಿದೆ" ಎಂದು ಬರೆದು, ವಹಿಸಿಕೊಳ್ಳುವವರ ಸಹಿಗೆ ಗೆರೆಯನ್ನೂ ಎಳೆದೆ. ಆ ಖಾಲಿ ಗೆರೆ ನೋಡಿದ್ದೇ ತಡ, ಕಣ್ಣು ತುಂಬಿಬಂತು. ನನ್ನನ್ನು ವಹಿಸಿಕೊಳ್ಳಲು ಯಾರು ಬರುತ್ತಾರೆ?

ಎದುರಿಗೆ ಬೀನ್ಸಿನ ನಾರು ತೆಗೆಯುತ್ತಿದ್ದ ಅತ್ತೆ ತಲೆಯೆತ್ತಿದರು. "ಏನೇ ಅದು?"

"ಏನಿಲ್ಲ ಅತ್ತೆ, ಆಸ್ಪತ್ರೆ ಕೆಲಸ."

ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಕನ್ನಡಕ ಏರಿಸಿ, ನಿಧಾನವಾಗಿ ಪೂರ್ತಿ ಓದಿದರು. "ಈ ಗೆರೆ ಯಾಕೆ?"

"ಪಾಳಿಗೆ ಬಂದೋರು ಸಹಿ ಹಾಕ್ಬೇಕು. ಅಲ್ಲೀವರೆಗೂ ಇದ್ದೋರು ಜಾಗ ಬಿಟ್ಟು ಏಳೋ ಹಾಗಿಲ್ಲ."

ಅತ್ತೆ ಒದ್ದೆ ಕೈ ಒರೆಸಿಕೊಂಡರು. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಗೆರೆಯ ಈ ತುದಿಯಿಂದ ಆ ತುದಿಗೆ ತಮ್ಮ ಸೊಟ್ಟ ಸಹಿ ಎಳೆದರು.

"ಹ್ಞೂಂ, ಏಳಿನ್ನು. ರೋಗಿ ಹೋಗಿ ಮಲಕ್ಕೊಳ್ಳಲಿ."