ಅಪ್ಪ ಕೊಟ್ಟ ಮುಖ

ಇಂಗ್ಲಿಷರ ಕೆಂಪು ಕಪ್ತಾನ ನಮ್ಮ ಕಣಿವೆಗೆ ಮೊದಲ ಸಲ ಬಂದಾಗ ಅವನ ಹತ್ತಿರ ಕೋವಿ ಇರಲಿಲ್ಲ, ನಗು ಇತ್ತು. ಏಡನ್ ಬಂದರು ಇಂಗ್ಲಿಷರ ಕೈಸೇರಿದ್ದು ನನ್ನ ಅಜ್ಜನ ಕಾಲದಲ್ಲಿ. ಅಲ್ಲಿಂದ ಒಳನಾಡಿಗೆ ಬರುವವನು ಯಾರೇ ಆಗಲಿ, ದಾರಿಯ ಕುಲದವನೊಬ್ಬನ ಮುಖದಲ್ಲಿ ಬರಬೇಕು. ಎಂದರೆ ಒಬ್ಬ ಗಂಡಸು ಹಿರಿಯರ ಎದುರು ಅವನ ಕೈ ಹಿಡಿದು, ಇವನು ನನ್ನ ಮುಖದಲ್ಲಿದ್ದಾನೆ ಎನ್ನಬೇಕು. ಆಮೇಲೆ ಅವನ ಕೂದಲು ಕೊಂಕಿದರೂ ಕೈ ಹಿಡಿದವನ ಮುಖಕ್ಕೆ ಮಸಿ. ಕಪ್ತಾನನ ಕೈ ಹಿಡಿದವನು ನನ್ನ ಅಪ್ಪ ಅವದ್.

ಗಿಡಮೂಲಿಕೆ ನೋಡಲು ಬಂದೆ ಎಂದ. ನೋಡಿದ್ದೆಲ್ಲ ಬಾವಿ, ಕಾವಲು ಗೋಪುರ, ಒಂಟೆಯ ದಾರಿ. ಅಮ್ಮ ಜೋಳದ ರೊಟ್ಟಿಗೆ ಎಳ್ಳೆಣ್ಣೆ, ಜೇನು ಸುರಿದು ಕೊಟ್ಟಳು. ಮತ್ತೆ ಹಾಕಿಸಿಕೊಂಡು ತಿಂದ. ಇವನು ಉಂಡ ಮನೆಯ ಜಂತೆ ಎಣಿಸುವವನು ಎಂದು ಅಮ್ಮ ಅಂದೇ ಗೊಣಗಿದಳು. ಅತಿಥಿಯ ಬಗ್ಗೆ ಹಾಗನ್ನಬಾರದೆಂದು ಅಪ್ಪ ಗದರಿದ. ಕಪ್ತಾನ ನಮ್ಮ ಮಾತನ್ನು ಚೆನ್ನಾಗಿಯೇ ಆಡುತ್ತಿದ್ದ. ನಮ್ಮ ಕಟ್ಟುಕಟ್ಟಳೆ ಏನು, ಎತ್ತ ಎಂದು ಕೆದಕಿ ಕೆದಕಿ ಕೇಳುತ್ತಿದ್ದ. ಅಪ್ಪ ಮಗುವಿಗೆ ಹೇಳಿಕೊಡುವಂತೆ ಎಲ್ಲವನ್ನೂ ಹೇಳಿಕೊಟ್ಟ.

ಪಯಣ ಮುಗಿದಾಗ ಗಡಿಯಲ್ಲಿ ಅತಿಥಿ ಒಂದು ಮಾತು ಹೇಳಬೇಕು: 'ನಿನ್ನ ಮುಖ ಬೆಳ್ಳಗಿರಲಿ.' ಅಷ್ಟು ಹೇಳಿದರೆ ಮುಖ ಕೊಟ್ಟವನಿಗೆ ಬಿಡುಗಡೆ. ಕಪ್ತಾನ ಅಪ್ಪನ ಕೈ ಕುಲುಕಿ, ಕುದುರೆ ಹತ್ತಿ ಹೊರಟೇಬಿಟ್ಟ. ಜೊತೆಗಿದ್ದ ನನ್ನ ಅಣ್ಣ ಮುಸನ್ನ ತಡೆಯಲಾರದೆ ಕೇಳಿದ.

"ಅಪ್ಪಾ, ಅವನು ಆ ಮಾತು ಹೇಳ್ಲೇ ಇಲ್ವಲ್ಲ?"

"ಅದನ್ನ ಅತಿಥಿ ಹತ್ರ ಬಾಯಿಬಿಟ್ಟು ಕೇಳ್ತಾರೇನೋ? ಮರೆತಿರಬೇಕು, ಹೋಗ್ಲಿ ಬಿಡು."

ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಕೇಳುವುದು ನಮ್ಮಲ್ಲಿ ನಾಚಿಕೆಗೇಡು. ಮರ್ಯಾದೆ ಹೆಚ್ಚಾಗಿ ಹಾಳಾದ ಜನ ನಾವು.

ಎರಡು ಚಳಿಗಾಲ ಕಳೆದು ಏಡನ್ನಿನಿಂದ ದಂಡು ಬಂತು. ಬಂದರಿಗೆ ಕಾಫಿ ಹೊತ್ತು ಹೋಗುವ ಒಂಟೆಗಳಿಂದ ನಮ್ಮವರು ತಲೆತಲಾಂತರದಿಂದ ಸುಂಕ ಪಡೆಯುತ್ತಿದ್ದರು. ಅದು ಈಗ ದರೋಡೆಯಂತೆ. ಇಡೀ ಬಂದರನ್ನೇ ನುಂಗಿ ನೀರು ಕುಡಿದವರು ಹೇಳಿದ ಮಾತು ಇದು. ದಂಡಿಗೆ ದಾರಿ ತೋರಿಸುವವರು ಬೇಕಾಗಲಿಲ್ಲ, ಮುಂದೆ ಕಪ್ತಾನನೇ ಇದ್ದ. ನೆಟ್ಟಗೆ ಬಾವಿಗೆ ಬಂದು, ಮದ್ದು ತುಂಬಿ ಸಿಡಿಸಿದರು. ಆ ಬಾವಿಯಿಲ್ಲದೆ ಕಣಿವೆಯಲ್ಲಿ ಜೋಳವೂ ಇಲ್ಲ, ನಾವೂ ಇಲ್ಲ.

ನಮ್ಮ ಗಂಡಸರು ಬಂಡೆಗಳ ಮರೆಯಿಂದ ಗುಂಡು ಹಾರಿಸುತ್ತಿದ್ದರು. ಹೆಂಗಸರು ಮೇಲಿನ ಗವಿಯಿಂದ ನೋಡುತ್ತಿದ್ದೆವು. ಕಪ್ತಾನನ ಕುದುರೆ ಒಣಗಿದ ಹೊಳೆಯಲ್ಲಿ ಮುಗ್ಗರಿಸಿತು. ಅವನು ತನ್ನವರಿಂದ ದೂರ ಒಂಟಿಯಾಗಿ ಬಿದ್ದ. ಮುಸನ್ನ ಹಾರಿ ಅವನ ಎದೆಯ ಮೇಲೆ ಕಾಲಿಟ್ಟು ಬಾಕು ಎತ್ತಿದ. ಆಗ ಕಪ್ತಾನ ನಮ್ಮ ಮಾತಿನಲ್ಲೇ, ಕಣಿವೆಗೆಲ್ಲ ಕೇಳುವಂತೆ ಕೂಗಿದ.

"ನಾನು ಅವದ್ ಮುಖದಲ್ಲಿದೀನಿ."

ನಮ್ಮವರ ಕೋವಿಗಳು ನಿಂತವು. ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಬಂಡೆಯ ಹಿಂದಿನಿಂದ ಎದ್ದು ನಿಧಾನವಾಗಿ ಇಳಿದು ಹೋದ.

"ಅಪ್ಪಾ, ಬಾವಿ ಹೋಯ್ತು," ಎಂದ ಮುಸನ್ನ. "ಇಲ್ಲ ಅಂದ್ಬಿಡು. ಒಂದೇ ಮಾತು."

"ಬಿಡುಗಡೆ ಆಗಿಲ್ವಲ್ಲೋ ಮಗನೇ."

"ಅವನು ಬೇಕಂತ್ಲೇ ಹೇಳ್ಲಿಲ್ಲ ಅಪ್ಪಾ."

"ಈಗ ಗೊತ್ತಾಯ್ತು. ಆದ್ರೆ ನಾನು ಕೊಟ್ಟಿದ್ದು ಕೊಟ್ಟಿದ್ದೇ."

ಅಪ್ಪ ತನ್ನ ಶಾಲು ಹೊದಿಸಿ ಕಪ್ತಾನನನ್ನು ಎಬ್ಬಿಸಿದ. ಮುಸನ್ನ ಬಾಕನ್ನು ಮರಳಿಗೆ ಎಸೆದು, ಅಪ್ಪನ ಬೆನ್ನಿಗೆ ಕಾವಲಾಗಿ ಹಿಂದೆಯೇ ನಡೆದ. ದಂಡಿನ ಹತ್ತಿರ ಅಪ್ಪ ನಿಂತು, ಹುಟ್ಟಿದಾಗಿನಿಂದ ಯಾರನ್ನೂ ಕೇಳದ್ದನ್ನು ಬಾಯಿಬಿಟ್ಟು ಕೇಳಿದ. ಈಗಲಾದರೂ ಆ ಮಾತು ಹೇಳು ಎಂದ. ಕಪ್ತಾನ ಬಟ್ಟೆಯ ಧೂಳು ಕೊಡವಿಕೊಳ್ಳುತ್ತ ನಕ್ಕನಂತೆ.

"ಇರ್ಲಿ ಅವದ್. ಮುಂದೆ ಬೇಕಾಗಬಹುದು."

ಅಪ್ಪ, ಅಣ್ಣ ಇಬ್ಬರೂ ತಿರುಗಿ ಹೊರಟಾಗ ದಂಡಿನಿಂದ ಗುಂಡು ಹಾರಿತು. ಹಿಂದೆ ಇದ್ದವನು ಅಣ್ಣ, ಬಿದ್ದವನೂ ಅಣ್ಣ. ಕಪ್ತಾನ ಹೊಡೆಯಿರಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವನ ಮುಖದಲ್ಲಿ ನಾವು ಯಾರೂ ಇರಲಿಲ್ಲ.

ಸಂಜೆ ಹಿರಿಯರು ಬಂದು ಅಪ್ಪನನ್ನು ಹೊಗಳಿದರು. ಮಾತು ಉಳಿಸಿಕೊಂಡವನ ಮನೆಯ ಮೇಲೆ ಬಿಳಿ ಬಟ್ಟೆ ಏರಿಸುವುದು ಪದ್ಧತಿ, ಏರಿಸಿದರು. ಅಮ್ಮ ಮಾಳಿಗೆ ಹತ್ತಿ ಅದನ್ನು ಕಿತ್ತು ತಂದು ಅಣ್ಣನಿಗೆ ಹೊದಿಸಿದಳು. ಅಪ್ಪನ ಜೊತೆ ಅವಳು ಮತ್ತೆ ಮಾತಾಡಲಿಲ್ಲ.

ಬಾವಿ ಸತ್ತ ಮೇಲೆ ಕಣಿವೆ ಬಿಟ್ಟು, ಕಂಡವರ ಹೊಲದಲ್ಲಿ ಕೂಲಿಗೆ ನಿಂತೆವು. ಅಮ್ಮ ಅಲ್ಲೇ ತೀರಿದಳು. ಅಪ್ಪನೂ ಹಾಸಿಗೆ ಹಿಡಿದು, ಕಡೆಯ ದಿನ ನನ್ನ ಕೈ ಹಿಡಿದುಕೊಂಡ. ಮಗನಿಲ್ಲದ ಮನೆಯಲ್ಲಿ ಕೊಟ್ಟ ಮುಖ ಮಗಳಿಗೆ ಬರುತ್ತದೆ.

"ಗಾಲಿಯಾ, ಅವನು ಇನ್ನೂ ಏಡನ್ನಲ್ಲೇ ಇದಾನಂತೆ. ಬಂದ್ರೆ ಅವನು ನಿನ್ನ ಮುಖದಲ್ಲಿ ಕಣಮ್ಮ. ಹೂಂ ಅನ್ನು."

"ನನಗೆ ಮುಖ ಎಲ್ಲಿದೆ ಅಪ್ಪಾ? ಅಣ್ಣನ ಜೊತೆ ಹೂತುಬಿಟ್ವಲ್ಲ."

ಅಪ್ಪ ಕಾದ. ನಾನು ಹೂಂ ಅನ್ನಲಿಲ್ಲ. ನನ್ನ ಕೈ ಹಿಡಿದುಕೊಂಡೇ ಪ್ರಾಣ ಬಿಟ್ಟ; ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿಕೊಂಡೆ.

ಅಣ್ಣ ಎಸೆದ ಬಾಕನ್ನು ಆ ಹೊಳೆಯಿಂದ ಹೆಕ್ಕಿ ತಂದವಳು ನಾನು. ಅದಕ್ಕೆ ಎಣ್ಣೆ ಸವರುವುದನ್ನು ಇವತ್ತಿಗೂ ಬಿಟ್ಟಿಲ್ಲ.