ಇಪ್ಪತ್ತನೇ ಫಾರಂ

ಸಿನಿಮಾ ಮುಗಿದು ಲೈಟು ಹತ್ತಿದಾಗ ಅರ್ಧ ಥಿಯೇಟರು ಚಪ್ಪಾಳೆ ತಟ್ಟಿತು, ಇನ್ನರ್ಧ ಬೈಯುತ್ತ ಎದ್ದಿತು. ನಾನು ಎರಡನ್ನೂ ಮಾಡದೆ ಸೀಟಿನ ಕೈ ಮುರಿಯುವಷ್ಟು ಬಿಗಿಯಾಗಿ ಹಿಡಿದು ಕೂತಿದ್ದೆ.

ಪಕ್ಕದಲ್ಲಿದ್ದ ಗುರುಕಿರಣ್ ಆಗಲೇ ಮೊಬೈಲು ತೆಗೆದಿದ್ದ. ನನ್ನ ಜೊತೆ ಒಂಬತ್ತನೇ ಕ್ಲಾಸಿನವರೆಗೆ ಓದಿದವನು. ನಾನು ಅಲ್ಲಿಗೇ ಬಿಟ್ಟು ಮಂಡಿ ಮೊಹಲ್ಲಾದ ಬೈಂಡಿಂಗ್ ಅಂಗಡಿ ಸೇರಿದೆ, ಅವನು ಎಂ.ಎ. ಮಾಡಿ ಯೂಟ್ಯೂಬಿನಲ್ಲಿ ಸಿನಿಮಾ ವಿಮರ್ಶೆ ಹೇಳುತ್ತಾನೆ. ಪುಸ್ತಕದಲ್ಲಿದ್ದುದನ್ನು ಒಂದಕ್ಷರ ಬಿಡದೆ ತೆಗೆದಿದ್ದಾರೆ ಎಂದು ಅವನು ಕ್ಯಾಮೆರಾಗೆ ಹೇಳುತ್ತಿದ್ದರೆ, ಹಿಂದಿನ ಸಾಲಿನ ಹುಡುಗಿಯೊಬ್ಬಳು ಬಗ್ಗಿ, ನೀವು ಪುಸ್ತಕ ಓದೇ ಇಲ್ಲ ಬಿಡಿ ಎಂದಳು. ಜಗಳ ಅಲ್ಲೇ ಶುರು.

ಪುಸ್ತಕದ ಹೆಸರು 'ನೆರಳೂರಿನ ಬಾಗಿಲು'. ಬರೆದವರು ಪುಟ್ಟಬಸಮ್ಮ, ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು. ಮನುಷ್ಯರ ನೆರಳುಗಳನ್ನು ಕದ್ದೊಯ್ಯುವ ಊರೊಂದು ಬಂಡೆಯೊಳಗಿದೆ. ತಮ್ಮನ ನೆರಳನ್ನು ವಾಪಸು ತರಲು ನಾಗಿ ಎಂಬ ಹುಡುಗಿ ಒಳಗೆ ಹೋಗುತ್ತಾಳೆ, ಅವಳ ಹಿಂದೆ ಬಂಡೆ ಮುಚ್ಚಿಕೊಳ್ಳುತ್ತದೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ಪುಸ್ತಕ ಅಲ್ಲಿಗೆ ಮುಗಿಯುವುದಿಲ್ಲ. ಇನ್ನೊಂದು ಅಧ್ಯಾಯವಿದೆ, ಹದಿನಾರು ಪುಟ. ನಾಗಿ ನೆರಳನ್ನು ಹೆಗಲ ಮೇಲೆ ಹೊತ್ತು ಹೊರಗೆ ಬರುತ್ತಾಳೆ. ಅಷ್ಟರಲ್ಲಿ ಹೊರಗೆ ಅರವತ್ತು ವರ್ಷ ಕಳೆದಿರುತ್ತದೆ. ಮುದುಕನಾದ ತಮ್ಮ ಅವಳನ್ನು ಗುರುತು ಹಿಡಿಯುವುದಿಲ್ಲ, ನೆರಳನ್ನು ಮಾತ್ರ ಹಿಡಿಯುತ್ತಾನೆ.

ಆ ಹದಿನಾರು ಪುಟ ಇಲ್ಲದ ಪುಸ್ತಕಗಳೂ ಇವೆ. ಸರಿಯಾಗಿ ಮುನ್ನೂರು. ಅದು ನನಗೆ ಗೊತ್ತು, ಯಾಕೆಂದರೆ ಅವನ್ನು ಹೊಲಿದವನು ನಾನು.

ಪುಸ್ತಕ ಕಟ್ಟುವುದು ಹೀಗೆ. ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿದರೆ ಒಂದು ಫಾರಂ. ಈ ಪುಸ್ತಕಕ್ಕೆ ಇಪ್ಪತ್ತು ಫಾರಂ, ಉದ್ದ ಮೇಜಿನ ಮೇಲೆ ಇಪ್ಪತ್ತು ರಾಶಿ. ಒಂದು ತುದಿಯಿಂದ ನಡೆಯುತ್ತ ಪ್ರತಿ ರಾಶಿಯಿಂದ ಒಂದೊಂದು ಎತ್ತಿಕೊಂಡರೆ ಇನ್ನೊಂದು ತುದಿಯಲ್ಲಿ ಪುಸ್ತಕ ಕೈಯಲ್ಲಿರುತ್ತದೆ. ಎಣಿಸುವ ಪದ್ಧತಿಯಿಲ್ಲ. ಮೇಜು ಮುಗಿಯಿತೆಂದರೆ ಪುಸ್ತಕ ಮುಗಿಯಿತು.

ನಾಲ್ಕು ವರ್ಷದ ಹಿಂದೆ ಈ ರಾಶಿಗಳು ಮೇಜಿನ ಮೇಲಿರುವಾಗ ಆಯುಧಪೂಜೆ ಬಂತು. ನಮ್ಮ ಯಜಮಾನರು ಸಿದ್ದಮಲ್ಲಪ್ಪನವರು ಸೂಜಿ, ಕತ್ತರಿಗಳ ಜೊತೆ ಕೈಯಲ್ಲಿರುವ ಕೆಲಸವನ್ನೂ ಪೂಜೆಗಿಡುತ್ತಾರೆ. ಮೇಜಿನ ತುದಿಯಲ್ಲಿದ್ದ ರಾಶಿಯ ಒಂದು ದೊಡ್ಡ ಕಟ್ಟನ್ನು ಎತ್ತಿ, ಕೆಟ್ಟು ನಿಂತ ಹಳೇ ಕಟಿಂಗ್ ಮಷೀನಿನ ಮೇಲಿಟ್ಟು, ವಿಭೂತಿ ಬಳಿದು ಹೂ ಮುಚ್ಚಿದರು. ಅದೇ ರಾಶಿಯ ಉಳಿದ ಕಟ್ಟುಗಳನ್ನು ಜಾಗವಿಲ್ಲವೆಂದು ಮೂಲೆಗೆ ಸರಿಸಿದ್ದರು. ಜಂಬೂಸವಾರಿ ರಜೆ ಮುಗಿಸಿ ಬಂದ ನಾನು ಹತ್ತೊಂಬತ್ತು ರಾಶಿಗಳ ಮುಂದೆ ಎರಡು ದಿನ ನಡೆದೆ. ಮೂರನೇ ದಿನ ಹೂ ಕೊಳೆತು ನಾರಿದಾಗ ಮಷೀನಿನ ಹತ್ತಿರ ಹೋದೆ, ಹೂವಿನ ಕೆಳಗೆ ಇಪ್ಪತ್ತನೇ ಫಾರಂ ಇತ್ತು. ಅಷ್ಟರಲ್ಲಿ ಮುನ್ನೂರು ಪುಸ್ತಕ, ಹಬ್ಬ ಮುಗಿದರೂ ನಡೆಯುತ್ತಿದ್ದ ದಸರಾ ಪುಸ್ತಕ ಮೇಳಕ್ಕೆ ಹೋಗಿಯಾಗಿತ್ತು.

ಯಜಮಾನರಿಗೆ ಅವತ್ತೇ ಹೇಳಿದೆ. ಅವರು ಬೀಡಿ ಹಚ್ಚಿಕೊಂಡು ಬಾಗಿಲು ನೋಡಿದರು.

"ಯಾವನ್ಲಾ ಕೊನೆಗಂಟ ಓದ್ತಾನೆ? ಮುಚ್ಕೊಂಡು ಮುಂದಿನ್ದು ಹೊಲಿ."

ಮುಚ್ಚಿಕೊಂಡು ಹೊಲಿದೆ. ಮಿಕ್ಕ ಎಲ್ಲ ಪುಸ್ತಕಗಳಿಗೂ ಇಪ್ಪತ್ತು ಫಾರಂ ಹಾಕಿದೆ. ಉಳಿದ ಮುನ್ನೂರು ಫಾರಂ ರದ್ದಿಗೆ ಹೋಯಿತು. ಹತ್ತೊಂಬತ್ತನೆಯದರ ಕೊನೆಯ ಪುಟದಲ್ಲಿ ಅಧ್ಯಾಯವೇ ಮುಗಿಯುತ್ತಿದ್ದುದರಿಂದ ಒಬ್ಬ ಓದುಗನೂ ತಕರಾರು ಎತ್ತಲಿಲ್ಲ. ಆ ಮುನ್ನೂರರಲ್ಲಿ ಒಂದು ಹೋಗಿ ಹೋಗಿ ಸಿನಿಮಾ ನಿರ್ದೇಶಕನ ಕೈಗೇ ಬೀಳಬೇಕೆ?

ಸಿನಿಮಾ ಬಂದ ವಾರದೊಳಗೆ ಮೈಸೂರಿಗೆ ಹುಚ್ಚು ಹಿಡಿಯಿತು. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ನನ್ನ ಸ್ವಂತ ಮನೆಯಲ್ಲಿ ಇದೇ. ಒಂದು ಗುಂಪು ಕೊನೆಯನ್ನು ಕೊಂದುಬಿಟ್ಟರು ಎಂದಿತು. ಇನ್ನೊಂದು ಗುಂಪು ಕೊನೆಯೇ ಅದ್ಭುತ ಎಂದಿತು. ಇಬ್ಬರೂ ತಮ್ಮ ಪುಸ್ತಕದ ಕೊನೆ ಪುಟದ ಫೋಟೋ ಹಾಕಿ, ನಿನ್ನದು ನಕಲಿ ಪ್ರತಿ ಎಂದು ಪರಸ್ಪರ ಉಗಿದರು. ಬಂಡೆ ಮುಚ್ಚಿಕೊಳ್ಳುವುದು ಈ ಕಾಲದ ಹೆಣ್ಣಿನ ಮೌನವಂತೆ, ಗುರುಕಿರಣ್ ನಲವತ್ತು ನಿಮಿಷ ವಿವರಿಸಿದ. ನನಗೆ ತಲೆ ಸಿಡಿಯುತ್ತಿತ್ತು. ಹೆಣ್ಣಿನ ಮೌನವೂ ಅಲ್ಲ, ಮಣ್ಣೂ ಅಲ್ಲ. ಚೆಂಡುಹೂವಿನ ಕೆಳಗೆ ಸಿಕ್ಕಿಕೊಂಡ ಕಾಗದ ಅದು.

ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಪುಟ್ಟಬಸಮ್ಮನವರು ಪತ್ರಿಕೆಯೊಂದಕ್ಕೆ, ನನ್ನ ಕೊನೆ ಅಧ್ಯಾಯವನ್ನು ನಿರ್ದೇಶಕರು ಬಿಟ್ಟಿದ್ದಾರೆ ಎಂದು ಬರೆದರು. ಆತ ತನ್ನ ಪ್ರತಿಯ ಫೋಟೋ ಹಾಕಿ, ನಾನು ಒಂದು ಸಾಲೂ ಬದಲಿಸಿಲ್ಲ ಎಂದ. ಜನ ಆಯಮ್ಮನ ಮೇಲೆ ತಿರುಗಿಬಿದ್ದರು. ಮೊದಲು ಧೈರ್ಯವಾಗಿ ಬರೆದು, ಆಮೇಲೆ ಬೈಗುಳಕ್ಕೆ ಹೆದರಿ ಒಂದು ಅಧ್ಯಾಯ ಅಂಟಿಸಿ, ಈಗ ಸುಳ್ಳು ಹೇಳುತ್ತಿದ್ದಾಳೆ ಮುದುಕಿ ಎಂದರು.

ಗುರುಕಿರಣ್ ಒಂದು ಭಾನುವಾರ ಬೆಳಗ್ಗೆ ಸಂವಾದ ಇಟ್ಟ. ನಾನು ಹೋಗುವುದು ಸಿದ್ದಮಲ್ಲಪ್ಪನವರಿಗೆ ತಿಳಿದು, ಬಾಯಿ ಬಿಟ್ಟರೆ ಸೋಮವಾರದಿಂದ ಬರಬೇಡ ಎಂದಿದ್ದರು. ಪ್ರಕಾಶಕರ ಕೆಲಸ ಕೈತಪ್ಪಿದರೆ ಅಂಗಡಿಯೇ ಮುಚ್ಚಬೇಕು ಎಂದೂ ಹೇಳಿದ್ದರು. ಹನ್ನೊಂದು ವರ್ಷ ದುಡಿದ ಅಂಗಡಿ. ಬೇರೆ ಕೆಲಸ ನನಗೆ ಬರುವುದೂ ಇಲ್ಲ.

ನೂರು ಜನ ಸೇರಿದ್ದರು. ಪುಟ್ಟಬಸಮ್ಮನವರು ನೂಲಿನ ಸೀರೆಯುಟ್ಟು, ಹಣೆಗೆ ವಿಭೂತಿ ಇಟ್ಟು, ತಮ್ಮ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಿಂಚನ ಎಂಬ ಕಾಲೇಜು ಹುಡುಗಿ ಎದ್ದು ತನ್ನ ಪ್ರತಿಯನ್ನು ಎತ್ತಿ ಹಿಡಿದಳು. ಇದು ಮೇಳದಲ್ಲಿ ಕೊಂಡಿದ್ದು, ಇದೇ ಮೂಲ, ಕೊನೆ ಅಧ್ಯಾಯವನ್ನು ಯಾವಾಗ ಸೇರಿಸಿದಿರಿ ಹೇಳಿ ಎಂದಳು.

"ಸೇರಿಸ್ಲಿಲ್ಲ ಕಣಮ್ಮ. ಅದನ್ನೇ ಮೊದಲು ಬರೆದಿದ್ದು ನಾನು. ಮಿಕ್ಕಿದ್ದೆಲ್ಲ ಆಮೇಲೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪುಟ್ಟಬಸಮ್ಮ ಪುಸ್ತಕವನ್ನು ಸೆರಗಿನೊಳಗೆ ಸರಿಸಿಕೊಂಡರು, ಕದ್ದ ಮಾಲಿನ ಹಾಗೆ. ನನಗೆ ತಡೆಯಲಾಗಲಿಲ್ಲ. ಎದ್ದು ಎಲ್ಲವನ್ನೂ ಹೇಳಿದೆ, ಆಯುಧಪೂಜೆಯಿಂದ ರದ್ದಿಯವರೆಗೆ.

ಹಾಲೆಲ್ಲ ನಕ್ಕಿತು. ಇದೂ ಒಂದು ಒಳ್ಳೇ ರೂಪಕ ಎಂದರು ಒಬ್ಬ ಮೇಷ್ಟ್ರು. ಗುರುಕಿರಣ್ ಮೈಕು ಮುಚ್ಚಿ, "ಲೋ ಮಹೇಂದ್ರ, ಕೂತ್ಕೊಳೋ. ನಿಂಗಿದೆಲ್ಲ ಅರ್ಥ ಆಗಲ್ಲ" ಎಂದ.

ನಾನು ಹೋಗಿ ಸಿಂಚನಳ ಕೈಯಿಂದ ಪುಸ್ತಕ ತೆಗೆದುಕೊಂಡೆ. ಒಳಪುಟದಲ್ಲಿ ಒಟ್ಟು ಪುಟ ಮುನ್ನೂರ ಇಪ್ಪತ್ತು ಎಂದಿರುವುದನ್ನು ತೋರಿಸಿದೆ, ಅವಳದರಲ್ಲಿ ಇದ್ದದ್ದು ಮುನ್ನೂರ ನಾಲ್ಕು. ಕನ್ನಡ ಪುಸ್ತಕದಲ್ಲಿ ಅಚ್ಚಿನ ತಪ್ಪು ಇದ್ದದ್ದೇ ಎಂದರು ಮೇಷ್ಟ್ರು. ಪುಸ್ತಕದ ಬೆನ್ನು ತೋರಿಸಿದೆ. ರಟ್ಟು ಕತ್ತರಿಸಿದ್ದು ಇಪ್ಪತ್ತು ಫಾರಮಿನ ದಪ್ಪಕ್ಕೆ. ಅವಳ ಪುಸ್ತಕ ರಟ್ಟಿನೊಳಗೆ ಅಣ್ಣನ ಅಂಗಿ ಹಾಕಿಕೊಂಡ ಹುಡುಗನ ಹಾಗೆ ಅಲ್ಲಾಡುತ್ತಿತ್ತು. ಬೆರಳಿಟ್ಟು ತೋರಿಸಿದೆ. ಪುಟ್ಟಬಸಮ್ಮನವರ ಪ್ರತಿ ಬಿಗಿಯಾಗಿತ್ತು. ಆಮೇಲೆ ಫಾರಮಿಗೊಂದರಂತೆ ಹಾಕಿದ ದಾರ ಎಣಿಸಿದೆ, ಗಟ್ಟಿಯಾಗಿ, ಒಂದರಿಂದ ಹತ್ತೊಂಬತ್ತರವರೆಗೆ. ನಗು ನಿಂತಿತು.

ಆಯಮ್ಮ ಸುಳ್ಳು ಹೇಳಿಲ್ಲವೆಂದು ಕೊನೆಗೂ ಒಪ್ಪಿದರು. ಒಪ್ಪಿ ಎರಡು ನಿಮಿಷವಾಗಿಲ್ಲ, ತಪ್ಪೇ ಆಗಿದ್ದರೂ ತಪ್ಪಿನ ಕೊನೆಯೇ ಚೆನ್ನ ಎಂದು ಒಬ್ಬ, ಛೇ ಎಂದು ಇನ್ನೊಬ್ಬ. ಅದೇ ಜಗಳ, ಅದೇ ಕುರ್ಚಿಗಳು.

ಪುಟ್ಟಬಸಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದರು. ಕೃತಜ್ಞತೆ ಅದರಲ್ಲಿರಲಿಲ್ಲ.

"ನಾಲ್ಕು ವರ್ಷ ಗೊತ್ತಿದ್ದೂ ಸುಮ್ನಿದ್ರಲ್ಲಪ್ಪ."

ಯಜಮಾನರು, ಕೆಲಸ, ಎಲ್ಲ ನಾಲಿಗೆಯವರೆಗೆ ಬಂದವು.

"ಸರಿ ಮಾಡಿಕೊಡ್ತೀನಮ್ಮ" ಎಂದೆ. "ಕೊನೇದು ಇಲ್ದಿರೋವ್ರು ಪುಸ್ತಕ ತಂದ್ರೆ ಹೊಲ್ದು ಕೊಡ್ತೀನಿ. ಕಾಸು ಬೇಡ."

ಸೋಮವಾರದಿಂದ ನನಗೆ ಕೆಲಸವೂ ಇರಲಿಲ್ಲ. ಆ ಹದಿನಾರು ಪುಟಗಳನ್ನು ಐವತ್ತು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು, ಪುಟ್ಟಬಸಮ್ಮನವರನ್ನು ಕೇಳಿ, ಸಿದ್ಧಾರ್ಥನಗರದ ಅವರ ಮನೆ ಜಗುಲಿಯಲ್ಲಿ ಸೂಜಿ, ದಾರ, ಗೋಂದು ಹರಡಿ ಕೂತೆ. ಗುರುಕಿರಣ್ ತನ್ನ ಚಾನೆಲ್ಲಿನಲ್ಲಿ ವಿಳಾಸ ಹಾಕಿದ್ದ. ಅಷ್ಟಾದರೂ ಮಾಡಿದ.

ಮೊದಲು ಬಂದದ್ದು ಸಿಂಚನ. ಪುಸ್ತಕ ಕೊಡಲಿಲ್ಲ. ಇದು ಹೀಗೇ ಇರಲಿ, ಮುನ್ನೂರರಲ್ಲಿ ಒಂದು, ಕೆಳಗೊಂದು ಸಹಿ ಹಾಕಿ ಎಂದು ನನ್ನನ್ನೇ ಕೇಳಿದಳು. ಕೈ ಮುಗಿದು ಕಳಿಸಿದೆ. ಆಮೇಲೆ ಕಡಕೊಳದ ಫ್ಯಾಕ್ಟರಿಯಲ್ಲಿ ದುಡಿಯುವ ಮರಿಯಯ್ಯ ಎಂಬುವರು ಮಗಳ ಪ್ರತಿ ತಂದರು, ಹೊಲಿದುಕೊಟ್ಟೆ. ಮಧ್ಯಾಹ್ನ ಒಬ್ಬ ಮುದುಕರದ್ದನ್ನು ಹೊಲಿದೆ. ಸಂಜೆ ಐದು ಜನ ಹುಡುಗರು ಒಟ್ಟಿಗೆ ಬಂದು ಐದು ಪುಸ್ತಕ ಮುಂದಿಟ್ಟರು. ಎತ್ತಿ ನೋಡಿದರೆ ಎಲ್ಲದರಲ್ಲೂ ಇಪ್ಪತ್ತು ಫಾರಂ ಇದೆ.

"ಇದೆಯಲ್ರೋ, ಇನ್ನೇನು ಹೊಲೀಲಿ?"

"ಹೊಲಿಯೋಕಲ್ಲಣ್ಣ, ಕೊನೇದು ಕಿತ್ಕೊಡಿ. ಸಿನಿಮಾ ಥರ ಇರ್ಲಿ. ನಾವು ಕಿತ್ರೆ ಹರಿದೋಗುತ್ತೆ. ನೀವಾದ್ರೆ ನೀಟಾಗಿ ಕೀಳ್ತೀರ."

ಅವರ ಮುಖದಲ್ಲಿ ಕುಚೋದ್ಯವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು, ನೂರು ರೂಪಾಯಿ ಬೇರೆ ಹಿಡಿದಿದ್ದರು. ಅಷ್ಟು ಕೋಪ ನನಗೆ ಯಜಮಾನರ ಮೇಲೂ ಬಂದಿರಲಿಲ್ಲ. ಏನು ಬೈದೆನೋ ನೆನಪಿಲ್ಲ, ಗೇಟಿನ ಚಿಲಕ ಹಾಕದೆ ಓಡಿದರು.

ಪುಟ್ಟಬಸಮ್ಮ ಕಾಫಿ ಲೋಟ ಹಿಡಿದು ಹೊರಗೆ ಬಂದರು. ಎರಡು ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

"ಎಷ್ಟು ಜನ ಬಂದಿದ್ರು?"

ಎಂಟು ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಖುಷಿಪಡುತ್ತಿದ್ದರು.

"ಹಾಕಿಸ್ಕೊಳ್ಳೋಕೆ ಇಬ್ರು ಬಂದಿದ್ರು ಕಣಮ್ಮ. ಇನ್ನೊಬ್ಳು ಬೇಡ ಅಂದ್ಲು. ಐದು ಜನ ಕೀಳಿಸ್ಕೊಳ್ಳೋಕೆ ಬಂದಿದ್ರು."

ಅವರು ಲೋಟವನ್ನು ಗೋಂದಿನ ಡಬ್ಬಿಯ ಪಕ್ಕ ಇಟ್ಟರು. ಗೇಟಿನ ಚಿಲಕ ಹಾಕಿ ಬಂದು, ಕಿತ್ತುಕೊಟ್ಟಿರಾ ಎಂದು ಕೇಳಿದರು.

"ಇಲ್ಲ. ಒಂದ್ಸಲ ಮಾಡಿದ್ದೇ ಸಾಕು."

ಪುಟ್ಟಬಸಮ್ಮ ಜಗುಲಿಯ ಮೇಲೆ ಕೂತು ದಾರದುಂಡೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹೊಲಿಯುವುದು ಹೇಗೆ ತೋರಿಸಿ ಎಂದರು.